ಕೈಬಿಟ್ಟ ಮೇಲೆ ಕಾಲಿಡಲೊಂದು ಮೆಟ್ಟಿಲು

2025ರ ಮೇ 17. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಎಫ್‌ಎ ಕಪ್ ಫೈನಲ್. ಒಂದು ಕಡೆ ಹಣಕ್ಕೂ ಹೆಸರಿಗೂ ಕೊರತೆಯಿಲ್ಲದ ಮ್ಯಾಂಚೆಸ್ಟರ್ ಸಿಟಿ. ಇನ್ನೊಂದು ಕಡೆ, ಅಲ್ಲಿಯವರೆಗೆ ಒಂದೂ ದೊಡ್ಡ ಟ್ರೋಫಿ ಎತ್ತಿರದ ಕ್ರಿಸ್ಟಲ್ ಪ್ಯಾಲೆಸ್. 16ನೇ ನಿಮಿಷದಲ್ಲಿ ಬಲಗಡೆಯಿಂದ ಬಂದ ಚೆಂಡನ್ನು ಎಬೆರೆಚಿ ಎಜೆ ನೆಲಕ್ಕೆ ಬೀಳಗೊಡದೆ ಗೋಲಿಗೆ ತಿರುಗಿಸಿದರು. ಪಂದ್ಯದಲ್ಲಿ ಬಂದದ್ದು ಅದೊಂದೇ ಗೋಲು. ಕಪ್ ಪ್ಯಾಲೆಸ್ ಪಾಲಾಯಿತು.

ಎಜೆಗೆ 13 ವರ್ಷವಾಗಿದ್ದಾಗ ಆರ್ಸೆನಲ್ ಕ್ಲಬ್ಬಿನ ಅಕಾಡೆಮಿ ಅವರನ್ನು ಬೇಡವೆಂದು ಕಳಿಸಿತ್ತು. ಆಮೇಲೆ ಫುಲ್ಹಮ್, ರೆಡಿಂಗ್, ಮಿಲ್‌ವಾಲ್ ಎಂದು ಅಲೆದಾಟ. ಮಿಲ್‌ವಾಲ್ ಕೂಡ ಹೊರಗೆ ಕಳಿಸಿದಾಗ ಅವರಿಗೆ ಸುಮಾರು 18. 2016ರಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಕೈ ಹಿಡಿಯಿತು. ಅಲ್ಲಿಂದ ಸಣ್ಣ ಕ್ಲಬ್ ವೈಕಂಬ್‌ಗೆ ಕೆಲ ತಿಂಗಳ ಎರವಲು, 2020ರಲ್ಲಿ ಪ್ಯಾಲೆಸ್. ಕಪ್ ಗೆದ್ದ ಮೂರೇ ತಿಂಗಳಿಗೆ ಅದೇ ಆರ್ಸೆನಲ್ ಹತ್ತಾರು ಮಿಲಿಯನ್ ಪೌಂಡ್ ಸುರಿದು ಅವರನ್ನು ವಾಪಸು ಕರೆಸಿಕೊಂಡಿತು.

ಸಿನಿಮಾದಂಥ ಕಥೆ. ವಾರಾಂತ್ಯದ ರಾತ್ರಿ ಟಿವಿ ಮುಂದೆ ಕೂತು ಇಂಗ್ಲಿಷ್ ಪ್ರೀಮಿಯರ್ ಲೀಗ್ ನೋಡುವ ನಮ್ಮಂಥವರಿಗೆ ಇಂಥ ಕಥೆಗಳೆಂದರೆ ಬಲು ಪ್ರೀತಿ. ಮರುದಿನ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ‘ಛಲ ಬಿಡಬಾರದು ಅನ್ನೋದು ಇದಕ್ಕೇ’ ಎಂಬ ಸಂದೇಶವೂ ಬರುತ್ತದೆ. ಆದರೆ ಛಲವೊಂದೇ ಸಾಕಾಗಿದ್ದರೆ ಇಂಗ್ಲೆಂಡಿನ ತುಂಬ ಎಜೆಗಳೇ ಇರಬೇಕಿತ್ತು. ಬೀಳುವವರು ಸಾವಿರಾರು, ಏಳುವವರು ಬೆರಳೆಣಿಕೆ. ಎದ್ದವರ ಕಾಲ ಕೆಳಗೆ ಏನಿತ್ತು ಎಂದು ನೋಡುವುದು ಹೆಚ್ಚು ಉಪಯೋಗದ ಕೆಲಸ.

ಬಿಡುಗಡೆಯೋ, ಕೈಬಿಡುವುದೋ?

ಅಕಾಡೆಮಿಯಿಂದ ಹೊರಗೆ ಕಳಿಸುವುದಕ್ಕೆ ಅಲ್ಲಿನ ಫುಟ್‌ಬಾಲಿನಲ್ಲಿ ‘ರಿಲೀಸ್’ ಎನ್ನುತ್ತಾರೆ. ಐಟಿಯಲ್ಲಿರುವ ನಮಗೆ ಈ ಪದ ಹೊಸದಲ್ಲ. ‘ಪ್ರಾಜೆಕ್ಟಿನಿಂದ ರಿಲೀಸ್ ಆದೆ’ ಎಂದು ಯಾರಾದರೂ ಹೇಳಿದರೆ ಮುಂದಿನ ಮಾತು ಕೇಳಲು ನಮಗೇ ಸಂಕೋಚ. ಕನ್ನಡಕ್ಕೆ ತಂದರೆ ಅದು ‘ಬಿಡುಗಡೆ’, ಒಳ್ಳೆಯ ಅರ್ಥದ ಪದ: ಸೆರೆಯಿಂದ ಬಿಡುಗಡೆ, ಸಾಲದಿಂದ ಬಿಡುಗಡೆ. ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ಬರುವ ‘ತಂಡದಿಂದ ಕೈಬಿಡಲಾಗಿದೆ’ ಎಂಬ ಮಾತು ಇಲ್ಲಿ ಹೆಚ್ಚು ಹೊಂದುತ್ತದೆ. ಎಂಟನೇ ವಯಸ್ಸಿಗೆ ಹಿಡಿದ ಕೈಯನ್ನು ಹದಿನೆಂಟಕ್ಕೆ ಬಿಡುವುದು.

ಈ ವ್ಯವಸ್ಥೆ ಹೇಗೆ ನಡೆಯುತ್ತದೆ ನೋಡಿ. ಇಂಗ್ಲೆಂಡಿನ ದೊಡ್ಡ ಕ್ಲಬ್ಬುಗಳು 9 ವರ್ಷದೊಳಗಿನವರ ವಿಭಾಗದಿಂದಲೇ ಮಕ್ಕಳನ್ನು ಅಧಿಕೃತವಾಗಿ ನೋಂದಾಯಿಸಿಕೊಳ್ಳುತ್ತವೆ. ಅದಕ್ಕೂ ಮೊದಲೇ ಆರೇಳು ವರ್ಷದ ಮಕ್ಕಳನ್ನು ಕರೆಸಿ ಆಡಿಸಿ ನೋಡುವುದುಂಟು. 2012ರಲ್ಲಿ ಪ್ರೀಮಿಯರ್ ಲೀಗ್ ‘ಎಲೀಟ್ ಪ್ಲೇಯರ್ ಪರ್ಫಾರ್ಮೆನ್ಸ್ ಪ್ಲಾನ್’ ಎಂಬ ಯೋಜನೆ ತಂದು ಅಕಾಡೆಮಿಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿತು. ಮೊದಲ ದರ್ಜೆಯ ಅಕಾಡೆಮಿಯಲ್ಲಿ ಪೂರ್ಣಾವಧಿ ಕೋಚ್‌ಗಳು, ಫಿಸಿಯೋಗಳು, ವಿಡಿಯೋ ವಿಶ್ಲೇಷಕರು, ಪಾಠ ನೋಡಿಕೊಳ್ಳುವವರು, ಹೀಗೆ ದೊಡ್ಡ ಪಡೆಯೇ ಇರುತ್ತದೆ. ಹುಡುಗನಿಗೆ 16 ಆದಾಗ ಆಯ್ಕೆಯಾದರೆ ಎರಡು ವರ್ಷದ ಸ್ಕಾಲರ್‌ಶಿಪ್: ಆಟದ ಜೊತೆಗೆ ಸ್ವಲ್ಪ ಓದು. 18ಕ್ಕೆ ವೃತ್ತಿಪರ ಒಪ್ಪಂದ, ಇಲ್ಲವೇ ವಿದಾಯ. ನಡುವಿನ ವರ್ಷಗಳಲ್ಲೂ ಅವಧಿ ಮುಗಿದಾಗಲೆಲ್ಲ ‘ಇರಲಿ’ ಅಥವಾ ‘ಬೇಡ’ ಎಂಬ ತೀರ್ಪು ಬರುತ್ತಲೇ ಇರುತ್ತದೆ. ನಮಗೆ ವರ್ಷಕ್ಕೊಮ್ಮೆ ಬರುವ ಅಪ್ರೈಸಲ್ ಆ ಮಕ್ಕಳಿಗೆ ಮೂರನೇ ತರಗತಿಯಿಂದಲೇ ಶುರು.

ಬ್ರಿಟಿಷ್ ಪತ್ರಕರ್ತ ಮೈಕಲ್ ಕ್ಯಾಲ್ವಿನ್ ಈ ಲೋಕದ ಬಗ್ಗೆ 2017ರಲ್ಲಿ ಒಂದು ಪುಸ್ತಕ ಬರೆದರು. ಅವರು ಕೊಡುವ ಲೆಕ್ಕದಂತೆ, ಇಂಗ್ಲೆಂಡಿನಲ್ಲಿ ಸಂಘಟಿತ ಫುಟ್‌ಬಾಲ್ ಆಡುವ ಸುಮಾರು 15 ಲಕ್ಷ ಹುಡುಗರಲ್ಲಿ ಪ್ರೀಮಿಯರ್ ಲೀಗ್ ಆಟಗಾರರಾಗುವವರು 180 ಮಂದಿ. ಶೇಕಡಾ 0.012.

ಹಾಗಿದ್ದರೆ ಕ್ಲಬ್ಬುಗಳು ಅಷ್ಟೊಂದು ಮಕ್ಕಳನ್ನು ಯಾಕೆ ಇಟ್ಟುಕೊಳ್ಳುತ್ತವೆ? ಉತ್ತರ ಸರಳ, ಸ್ವಲ್ಪ ಕಹಿ. ಒಬ್ಬ ಪ್ರತಿಭಾವಂತ ಹುಡುಗ ಪಂದ್ಯ ಆಡಬೇಕಾದರೆ ಜೊತೆಗೆ ಹತ್ತು ಜನ ಬೇಕು, ಎದುರಿಗೆ ಹನ್ನೊಂದು ಜನ ಬೇಕು. ಆ ಹತ್ತು ಜನರಲ್ಲಿ ತಾನೂ ಒಬ್ಬ ಎಂದು ಯಾವ ಹುಡುಗನಿಗೂ ಗೊತ್ತಿರುವುದಿಲ್ಲ. ಗೊತ್ತಾದರೆ ಅವನು ಆಡುವುದೂ ಇಲ್ಲ. ಜೊತೆಗೆ ದೊಡ್ಡ ಕ್ಲಬ್ಬುಗಳು ಇಡೀ ಜಗತ್ತಿನಿಂದ ಸಿದ್ಧ ಆಟಗಾರರನ್ನು ಕೊಳ್ಳಬಲ್ಲವು. ನಮ್ಮ ಭಾಷೆಯಲ್ಲಿ ಲ್ಯಾಟರಲ್ ಹೈರಿಂಗ್. ಹತ್ತು ವರ್ಷ ಒಳಗೇ ಬೆಳೆದ ಹುಡುಗ, ಬ್ರೆಜಿಲಿನಿಂದಲೋ ಪೋರ್ಚುಗಲ್ಲಿನಿಂದಲೋ ಬಂದವನ ಜೊತೆ ಒಂದೇ ಕುರ್ಚಿಗೆ ಪೈಪೋಟಿ ಮಾಡಬೇಕು.

ಜುಲೈನಲ್ಲಿ ಹುಟ್ಟಿದವನ ಕಷ್ಟ

ಕೈಬಿಡುವ ತೀರ್ಪು ಎಷ್ಟೋ ಸಲ ಪ್ರತಿಭೆಯನ್ನು ಅಳೆದಿರುವುದಿಲ್ಲ. ಎತ್ತರ, ತೂಕ, ಓಟದ ವೇಗ ಅಳೆದಿರುತ್ತದೆ. ಇಂಗ್ಲೆಂಡಿನಲ್ಲಿ ವಯೋಮಿತಿಯ ಲೆಕ್ಕ ಶಾಲೆಯ ವರ್ಷದಂತೆ ಸೆಪ್ಟೆಂಬರ್ 1ರಿಂದ ಆಗಸ್ಟ್ 31ರವರೆಗೆ. ಸೆಪ್ಟೆಂಬರಿನಲ್ಲಿ ಹುಟ್ಟಿದವನೂ ಮುಂದಿನ ಆಗಸ್ಟಿನಲ್ಲಿ ಹುಟ್ಟಿದವನೂ ಒಂದೇ ತಂಡದಲ್ಲಿ. ಒಂಬತ್ತನೇ ವಯಸ್ಸಿನಲ್ಲಿ ಹನ್ನೊಂದು ತಿಂಗಳ ವ್ಯತ್ಯಾಸವೆಂದರೆ ದೊಡ್ಡ ವ್ಯತ್ಯಾಸವೇ. ಹೀಗಾಗಿ ಅಲ್ಲಿನ ಅಕಾಡೆಮಿಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳದ್ದೇ ಮೇಲುಗೈ ಎಂಬುದನ್ನು ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ.

ಹ್ಯಾರಿ ಕೇನ್ ಹುಟ್ಟಿದ್ದು 1993ರ ಜುಲೈ 28. ತನ್ನ ಓರಗೆಯ ತಂಡದಲ್ಲಿ ಚಿಕ್ಕವರ ಪೈಕಿ. ಎಂಟನೇ ವಯಸ್ಸಿಗೆ ಆರ್ಸೆನಲ್ ಅವರನ್ನು ಕಳಿಸಿಬಿಟ್ಟಿತು. ಟಾಟನ್‌ಹ್ಯಾಮ್ ಸೇರಿದ ಮೇಲೂ ದಾರಿ ಸಲೀಸಾಗಿರಲಿಲ್ಲ: ಲೇಟನ್ ಓರಿಯಂಟ್, ಮಿಲ್‌ವಾಲ್, ನಾರ್ವಿಚ್, ಲೆಸ್ಟರ್ ಎಂದು ನಾಲ್ಕು ಕ್ಲಬ್ಬುಗಳಿಗೆ ಎರವಲು ಹೋಗಿ ಬಂದರು. 2018ರ ವಿಶ್ವಕಪ್ಪಿನಲ್ಲಿ 6 ಗೋಲು ಹೊಡೆದು ಗೋಲ್ಡನ್ ಬೂಟ್ ಪಡೆದರು. 2023ರಲ್ಲಿ ವೇಯ್ನ್ ರೂನಿಯ 53 ಗೋಲುಗಳ ದಾಖಲೆ ದಾಟಿ ಇಂಗ್ಲೆಂಡಿನ ಅತಿ ಹೆಚ್ಚು ಗೋಲುಗಳ ಒಡೆಯರಾದರು.

ಸ್ಕಾಟ್ಲೆಂಡಿನ ಆ್ಯಂಡಿ ರಾಬರ್ಟ್‌ಸನ್‌ಗೆ 15 ಆಗಿದ್ದಾಗ ಸೆಲ್ಟಿಕ್ ಕ್ಲಬ್ ‘ಮೈಕಟ್ಟು ಸಾಲದು’ ಎಂದು ಕೈಬಿಟ್ಟಿತು. ಅವರು ಸೇರಿದ್ದು ಕ್ವೀನ್ಸ್ ಪಾರ್ಕ್ ಎಂಬ ಹಳೆಯ ಕ್ಲಬ್ಬಿಗೆ. ಅದು ಆಗ ಆಟಗಾರರಿಗೆ ಸಂಬಳವನ್ನೇ ಕೊಡದ ಹವ್ಯಾಸಿ ಕ್ಲಬ್. ಖರ್ಚಿಗೆಂದು ಗ್ಲಾಸ್ಗೋದ ಹ್ಯಾಂಪ್‌ಡನ್ ಪಾರ್ಕ್ ಮೈದಾನದಲ್ಲಿ ಟಿಕೆಟ್ ಕೇಳುವವರ ಫೋನ್ ಕರೆ ತೆಗೆಯುವ ಕೆಲಸ ಮಾಡಿದರು. ಕೈಯಲ್ಲಿ ಕಾಸಿಲ್ಲ, ಕೆಲಸ ಬೇಕು ಎಂದು 2012ರಲ್ಲಿ ಟ್ವಿಟರ್‌ನಲ್ಲಿ ಹೇಳಿಕೊಂಡಿದ್ದರು. 2013ರಲ್ಲಿ ಡಂಡಿ ಯುನೈಟೆಡ್, 2014ರಲ್ಲಿ ಹಲ್ ಸಿಟಿ, 2017ರಲ್ಲಿ ಲಿವರ್‌ಪೂಲ್. 2019ರಲ್ಲಿ ಅವರ ಕೈಯಲ್ಲಿ ಚಾಂಪಿಯನ್ಸ್ ಲೀಗ್ ಕಪ್ ಇತ್ತು.

ಜೇಮಿ ವಾರ್ಡಿಯ ಕಥೆ ನಿಮಗೆ ಗೊತ್ತೇ ಇರುತ್ತದೆ. 16ಕ್ಕೆ ಶೆಫೀಲ್ಡ್ ವೆನ್ಸ್‌ಡೇ ಬೇಡವೆಂದಿತು. ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್ ಎಂಬ ಊರ ತಂಡದಲ್ಲಿ ವಾರಕ್ಕೆ 30 ಪೌಂಡಿಗೆ ಆಡುತ್ತ, ಹಗಲು ಹೊತ್ತು ಊನಗೊಂಡ ಕೈಕಾಲಿಗೆ ಕಟ್ಟುವ ಆಧಾರಪಟ್ಟಿ ತಯಾರಿಸುವ ಕಾರ್ಖಾನೆಯಲ್ಲಿ ದುಡಿದರು. ಪ್ರೀಮಿಯರ್ ಲೀಗಿನಲ್ಲಿ ಮೊದಲ ಸಲ ಆಡಿದ್ದು 2014ರಲ್ಲಿ, 27ನೇ ವಯಸ್ಸಿಗೆ. ಎರಡನೇ ವರ್ಷವೇ ಲೆಸ್ಟರ್ ಚಾಂಪಿಯನ್.

ಈ ಮೂವರ ಜೊತೆ ಎಜೆಯನ್ನೂ ಇಟ್ಟು ನೋಡಿದರೆ ಒಂದು ಸಾಮ್ಯ ಕಾಣುತ್ತದೆ. ದೊಡ್ಡ ಕ್ಲಬ್ ಬಿಟ್ಟಾಗ ಕೆಳಗೆ ಮತ್ತೊಂದು ಕ್ಲಬ್ ಇತ್ತು. ಮೈ ಬೆಳೆಯುವವರೆಗೆ, ಅಥವಾ ಯಾರದಾದರೂ ಕಣ್ಣಿಗೆ ಬೀಳುವವರೆಗೆ, ಪ್ರತಿ ಶನಿವಾರ ನಿಜವಾದ ಪಂದ್ಯ ಆಡಲು ಜಾಗವಿತ್ತು. ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗಿನ 20 ಕ್ಲಬ್, ಅದರ ಕೆಳಗಿನ ಮೂರು ಹಂತಗಳಲ್ಲಿ 72 ಕ್ಲಬ್, ಅದಕ್ಕೂ ಕೆಳಗೆ ಊರೂರಿನ ಸಣ್ಣ ತಂಡಗಳವರೆಗೆ ಏಣಿಯಂತೆ ಲೀಗುಗಳಿವೆ. ಸ್ಟಾಕ್ಸ್‌ಬ್ರಿಜ್‌ನಿಂದ ಹ್ಯಾಲಿಫ್ಯಾಕ್ಸ್, ಫ್ಲೀಟ್‌ವುಡ್, ಲೆಸ್ಟರ್ ಎಂದು ವಾರ್ಡಿ ಹತ್ತಿದ್ದು ಆ ಏಣಿಯನ್ನೇ. ಛಲ ಅವರದು, ನಿಜ. ಆದರೆ ಏಣಿ ನೂರಕ್ಕೂ ಹೆಚ್ಚು ವರ್ಷಗಳಿಂದ ಯಾರು ಯಾರೋ ಕಟ್ಟಿಟ್ಟದ್ದು.

ಹದಿನೆಂಟರ ಹುಡುಗನ ಸೋಮವಾರ

ಏಣಿ ಹತ್ತದವರ ಮಾತೇನು? ಎಂಟರಿಂದ ಹದಿನೆಂಟರವರೆಗೆ ‘ಇವನು ದೊಡ್ಡ ಕ್ಲಬ್ಬಿನ ಹುಡುಗ’ ಎಂದೇ ಶಾಲೆಯಲ್ಲಿ, ಬೀದಿಯಲ್ಲಿ, ನೆಂಟರ ನಡುವೆ ಗುರುತು. ಗೆಳೆಯರ ಹುಟ್ಟುಹಬ್ಬಕ್ಕೆ ಹೋಗಿಲ್ಲ, ಶಾಲೆಯ ಪ್ರವಾಸಕ್ಕೆ ಹೋಗಿಲ್ಲ. ಅಪ್ಪ ವಾರಕ್ಕೆ ನಾಲ್ಕು ಸಂಜೆ ಕಾರು ಓಡಿಸಿದ್ದಾನೆ. ಒಂದು ದಿನ ಹತ್ತು ನಿಮಿಷದ ಮೀಟಿಂಗ್. ಮುಂದಿನ ಸೋಮವಾರ ಎದ್ದರೆ ಹೋಗಲು ಜಾಗವಿಲ್ಲ. ಕಿಟ್ ಇಲ್ಲ, ವಾಟ್ಸಾಪ್ ಗುಂಪಿಲ್ಲ, ಫಿಸಿಯೋ ಇಲ್ಲ. ಗೆಳೆಯರೆಂದುಕೊಂಡವರೆಲ್ಲ ಇನ್ನೂ ಒಳಗೆ.

2016ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಅಧ್ಯಯನ, ಕೈಬಿಟ್ಟ ಹದಿಹರೆಯದ ಆಟಗಾರರನ್ನು ಮೂರು ವಾರಗಳ ನಂತರ ನೋಡಿದಾಗ ಅರ್ಧಕ್ಕೂ ಹೆಚ್ಚು ಮಂದಿ ವೈದ್ಯರ ಗಮನ ಬೇಕಾಗುವಷ್ಟು ಮಾನಸಿಕ ಯಾತನೆಯಲ್ಲಿದ್ದರು ಎಂದಿತು. 2020ರ ಅಕ್ಟೋಬರಿನಲ್ಲಿ, ದೊಡ್ಡ ಕ್ಲಬ್ಬೊಂದರ ಅಕಾಡೆಮಿಯಲ್ಲಿ ಆಡಿ ಹೊರಬಂದಿದ್ದ 18 ವರ್ಷದ ಹುಡುಗನೊಬ್ಬ ಜೀವ ಕಳೆದುಕೊಂಡ. ಇಂಥ ಸಾವಿಗೆ ಒಂದೇ ಕಾರಣವೆಂದು ಬೊಟ್ಟು ಮಾಡಲಾಗದು. ಆದರೂ ಆ ಸುದ್ದಿಯ ನಂತರ ‘ಕಳಿಸಿದ ಮೇಲೆ ನಮ್ಮ ಹೊಣೆ ಮುಗಿಯಿತೇ?’ ಎಂಬ ಪ್ರಶ್ನೆಯನ್ನು ಇಂಗ್ಲಿಷ್ ಫುಟ್‌ಬಾಲ್ ಗಂಭೀರವಾಗಿ ಕೇಳಿಕೊಳ್ಳಲೇಬೇಕಾಯಿತು.

ನಮ್ಮಲ್ಲಿ ಲೇಆಫ್ ಆದವನಿಗೆ ಕನಿಷ್ಠ ಒಂದು ರೆಸ್ಯೂಮೆ ಇರುತ್ತದೆ, ಒಂದು ಡಿಗ್ರಿ ಇರುತ್ತದೆ. ಆ ಹುಡುಗನ ರೆಸ್ಯೂಮೆಯಲ್ಲಿರುವುದು ಒಂದೇ ಸಾಲು, ಅದನ್ನೂ ಈಗಷ್ಟೇ ಹೊಡೆದುಹಾಕಿದ್ದಾರೆ.

ಮತ್ತೆ ಕಟ್ಟಿಕೊಳ್ಳುವ ದಾರಿಗಳು

ಮೊದಲ ದಾರಿ ಮತ್ತೊಂದು ಕ್ಲಬ್. ಫುಟ್‌ಬಾಲ್ ಲೀಗ್ ಮತ್ತು ಆಟಗಾರರ ಸಂಘ ಸೇರಿ 2004ರಲ್ಲಿ ಸ್ಥಾಪಿಸಿದ ‘ಲೀಗ್ ಫುಟ್‌ಬಾಲ್ ಎಜುಕೇಶನ್’ ಸಂಸ್ಥೆ ಎರಡು ವರ್ಷದ ತರಬೇತಿ ಮುಗಿಸಿಯೂ ಒಪ್ಪಂದ ಸಿಗದ ಹುಡುಗರಿಗಾಗಿ ಟ್ರಯಲ್ ಪಂದ್ಯಗಳನ್ನು ನಡೆಸುತ್ತದೆ. ಬೇರೆ ಕ್ಲಬ್ಬುಗಳ ಸ್ಕೌಟ್‌ಗಳು ಬಂದು ನೋಡುತ್ತಾರೆ. ಒಂದು ಬಗೆಯ ಕ್ಯಾಂಪಸ್ ಸೆಲೆಕ್ಷನ್ ಅನ್ನಿ. ವಾರ್ಡಿ ಕೂಡ ತಾನು ಬಂದ ದಾರಿ ಮರೆಯದೆ, ಕೆಳಹಂತದ ಲೀಗುಗಳ ಆಟಗಾರರನ್ನು ದೊಡ್ಡ ಕ್ಲಬ್ಬುಗಳ ಕಣ್ಣಿಗೆ ಬೀಳಿಸಲು ‘ವಿ9 ಅಕಾಡೆಮಿ’ ಶುರು ಮಾಡಿದರು. ಅದರ ಮೂಲಕ ಕೆಲವರಿಗೆ ವೃತ್ತಿಪರ ಒಪ್ಪಂದವೂ ಸಿಕ್ಕಿತು.

ಬ್ರೆಂಟ್‌ಫರ್ಡ್ ಕ್ಲಬ್ ಇದನ್ನು ಲೆಕ್ಕಾಚಾರದ ಕಣ್ಣಿನಿಂದ ನೋಡಿತು. ತಾನು ಬೆಳೆಸಿದ ಹುಡುಗರನ್ನು ದೊಡ್ಡ ಕ್ಲಬ್ಬುಗಳು ಎತ್ತಿಕೊಂಡು ಹೋಗುತ್ತಿದ್ದರೆ ತಾನೇಕೆ ಬೆಳೆಸಬೇಕು? 2016ರಲ್ಲಿ ಅಕಾಡೆಮಿಯನ್ನೇ ಮುಚ್ಚಿ ‘ಬಿ ತಂಡ’ ಕಟ್ಟಿತು. ಬೇರೆ ಅಕಾಡೆಮಿಗಳು ಕೈಬಿಟ್ಟ 17 ದಾಟಿದ ಹುಡುಗರಿಗೆ ಅಲ್ಲಿ ಬಾಗಿಲು ತೆರೆದಿತ್ತು. ಆ ಬಿ ತಂಡದಲ್ಲಿ ಆಡಿ ಮೇಲೆ ಬಂದ ವೇಲ್ಸಿನ ಕ್ರಿಸ್ ಮೆಫಮ್ 2019ರಲ್ಲಿ ದೊಡ್ಡ ಮೊತ್ತಕ್ಕೆ ಬೋರ್ನ್‌ಮತ್‌ಗೆ ಹೋದರು. 2021ರಲ್ಲಿ ಬ್ರೆಂಟ್‌ಫರ್ಡ್ ಪ್ರೀಮಿಯರ್ ಲೀಗಿಗೇ ಏರಿತು. ಇನ್ನೊಬ್ಬರು ಬೇಡವೆಂದದ್ದರಲ್ಲಿ ಬೆಲೆ ಇದೆ ಎಂಬುದನ್ನು ವ್ಯವಹಾರವಾಗಿಯೇ ತೋರಿಸಿಕೊಟ್ಟ ಕ್ಲಬ್ ಅದು.

ಎರಡನೇ ದಾರಿ ಅಮೆರಿಕದ ಕಾಲೇಜುಗಳು. ಆಟದ ಸ್ಕಾಲರ್‌ಶಿಪ್ ಮೇಲೆ ಹೋದರೆ ಫುಟ್‌ಬಾಲ್ ಕೂಡ ಉಂಟು, ಡಿಗ್ರಿ ಕೂಡ ಉಂಟು. ಜಾಕ್ ಹ್ಯಾರಿಸನ್ ಅವರನ್ನು ಯಾರೂ ಕೈಬಿಟ್ಟಿರಲಿಲ್ಲ. ತಾಯಿಯ ಒತ್ತಾಸೆಯಿಂದ 14ನೇ ವಯಸ್ಸಿಗೆ ತಾವೇ ಮ್ಯಾಂಚೆಸ್ಟರ್ ಯುನೈಟೆಡ್ ಅಕಾಡೆಮಿ ಬಿಟ್ಟು ಅಮೆರಿಕದ ಶಾಲೆ ಸೇರಿದರು. ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯಕ್ಕೆ ಆಡಿ, 2016ರ ಅಮೆರಿಕನ್ ಲೀಗಿನ ಡ್ರಾಫ್ಟ್‌ನಲ್ಲಿ ಮೊದಲನೆಯವರಾಗಿ ಆಯ್ಕೆಯಾದರು. ಆಮೇಲೆ ಲೀಡ್ಸ್ ಪರವಾಗಿ ಪ್ರೀಮಿಯರ್ ಲೀಗ್ ಆಡಿದರು. ಅಕಾಡೆಮಿ ಬಿಟ್ಟ ಹಲವು ಹುಡುಗರು ಈಗ ಈ ದಾರಿ ಹಿಡಿಯುತ್ತಾರೆ. ಅವರಲ್ಲಿ ಹೆಚ್ಚಿನವರು ಹ್ಯಾರಿಸನ್ ಆಗುವುದಿಲ್ಲ, ಆದರೆ ಪದವೀಧರರಾಗುತ್ತಾರೆ.

ಮೂರನೆಯದು ಆಟದಿಂದ ಹೊರಗಿನ ಬದುಕು. ಲಿವರ್‌ಪೂಲಿನಲ್ಲಿ ಆರನೇ ವಯಸ್ಸಿನಿಂದ ಬೆಳೆದು ಗೆದ್ದ ಟ್ರೆಂಟ್ ಅಲೆಕ್ಸಾಂಡರ್-ಆರ್ನಾಲ್ಡ್, ತನ್ನ ಜೊತೆ ಆಡಿ ಉದುರಿಹೋದ ಗೆಳೆಯರನ್ನು ಕಂಡವರು. 2023ರಲ್ಲಿ ಆಟಗಾರರ ಸಂಘದ ಜೊತೆಗೂಡಿ ‘ದಿ ಆಫ್ಟರ್ ಅಕಾಡೆಮಿ’ ಎಂಬ ಯೋಜನೆ ತಂದರು. ಅಕಾಡೆಮಿ ಬಿಟ್ಟವರಿಗೆ ಕಂಪನಿಗಳಲ್ಲಿ ಕೆಲಸದ ಅವಕಾಶ ಒದಗಿಸುವುದು ಅದರ ಉದ್ದೇಶ. ಅದಕ್ಕೂ ಒಂದು ವರ್ಷ ಮೊದಲು ಕ್ರಿಸ್ಟಲ್ ಪ್ಯಾಲೆಸ್, ತಾನು ಕೈಬಿಟ್ಟ 18ರಿಂದ 23 ವರ್ಷದ ಆಟಗಾರರ ಜೊತೆ ಮೂರು ವರ್ಷ ಸಂಪರ್ಕ ಇಟ್ಟುಕೊಳ್ಳುವ ಯೋಜನೆ ಪ್ರಕಟಿಸಿತ್ತು. ಅದಕ್ಕೆಂದೇ ನೇಮಿಸಿದ ಅಧಿಕಾರಿ ಫೋನ್ ಮಾಡಬೇಕು, ಹೋಗಿ ಭೇಟಿಯಾಗಬೇಕು, ಹೇಗಿದ್ದೀಯ ಎಂದು ಕೇಳಬೇಕು. ಕೋಟ್ಯಂತರ ಪೌಂಡಿನ ವ್ಯವಹಾರದಲ್ಲಿ ಇದು ಸಣ್ಣ ಖರ್ಚು. ಒಂದು ಫೋನ್ ಕರೆಯೂ ಮೆಟ್ಟಿಲೇ.

ನಮ್ಮ ಮಕ್ಕಳಿಗೆ ಎಷ್ಟು ಮೆಟ್ಟಿಲು?

ನಾವಿರುವ ಪುಣೆ, ಮುಂಬೈ, ಹೈದರಾಬಾದ್, ದೆಹಲಿಗಳಲ್ಲಿ ಶನಿವಾರ ಬೆಳಿಗ್ಗೆ ಟರ್ಫ್‌ಗಳು ತುಂಬಿರುತ್ತವೆ. ಬಾರ್ಸಿಲೋನಾ, ಪ್ಯಾರಿಸ್ ಸೇಂಟ್ ಜರ್ಮೇನ್‌ನಂಥ ಕ್ಲಬ್ಬುಗಳ ಹೆಸರು ಹೊತ್ತ ತರಬೇತಿ ಶಾಲೆಗಳೂ ಭಾರತಕ್ಕೆ ಬಂದಿವೆ. ಒಂದು ವ್ಯತ್ಯಾಸ ನೆನಪಿಡಬೇಕು. ಇಂಗ್ಲೆಂಡಿನ ಕ್ಲಬ್ ಅಕಾಡೆಮಿಯಲ್ಲಿ ಮಗುವಿನ ತರಬೇತಿಗೆ ಕ್ಲಬ್ ಹಣ ಹಾಕುತ್ತದೆ, ಆದ್ದರಿಂದ ಬೇಡವಾದವರನ್ನು ಕಳಿಸುತ್ತದೆ. ಇಲ್ಲಿ ಫೀಸು ಕಟ್ಟುವವರು ನಾವು. ಫೀಸು ಕಟ್ಟುವವರೆಗೆ ಯಾರೂ ‘ಬೇಡ’ ಎನ್ನುವುದಿಲ್ಲ. ಹಾಗಾಗಿ ಜೆರ್ಸಿ ಒಂದೇ ಆದರೂ ಆ ಅಕಾಡೆಮಿ ಬೇರೆ, ಈ ಅಕಾಡೆಮಿ ಬೇರೆ.

ಹಾಗೆಂದು ಇಲ್ಲಿ ನಿಜವಾದ ದಾರಿಯೇ ಇಲ್ಲವೆಂದಲ್ಲ. ಬೆಂಗಳೂರು ಎಫ್‌ಸಿಯ ಯುವ ತಂಡ 2022ರಲ್ಲಿ ಇಂಗ್ಲೆಂಡಿಗೆ ಹೋಗಿ ಪ್ರೀಮಿಯರ್ ಲೀಗ್ ಕ್ಲಬ್ಬುಗಳ ಯುವ ತಂಡಗಳ ಎದುರು ಆಡಿ ಬಂತು. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ಹೆಸರಿನಲ್ಲಿ ಗೆದ್ದ 1968–69ರ ನಂತರ, 54 ವರ್ಷಗಳಿಗೆ ಬಂದ ಕಪ್ ಅದು. ಐಎಸ್‌ಎಲ್‌ನ ದೊಡ್ಡ ಹೆಸರುಗಳಿಲ್ಲದೆ ಗೆದ್ದ ತಂಡ. ಎರಡನೇ ಸಾಲಿನವರಿಗೂ ಆಡಲು ಒಂದು ಅಂಗಳ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಬೆಂಗಳೂರಿಗೆ ಇದು ಹೊಸ ಪಾಠವೂ ಅಲ್ಲ. ನಮ್ಮ ತಂದೆಯರ ಕಾಲದಲ್ಲಿ ಅಲ್ಲಿನ ಫುಟ್‌ಬಾಲ್ ನಿಂತಿದ್ದೇ ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ, ಸೇನೆಯ ಎಂಇಜಿ, ಎಎಸ್‌ಸಿ ತಂಡಗಳ ಮೇಲೆ. ಆಡಿದರೆ ಕಾರ್ಖಾನೆಯಲ್ಲಿ ನೌಕರಿ. ಬೆಳಿಗ್ಗೆ ಪ್ರಾಕ್ಟೀಸ್, ಆಮೇಲೆ ಡ್ಯೂಟಿ. ಮಂಡಿ ಹೋಗಿ ಆಟ ನಿಂತರೂ ಕ್ಯಾಂಟೀನಿನ ಊಟ, ಪ್ರಾವಿಡೆಂಟ್ ಫಂಡ್ ನಿಲ್ಲುತ್ತಿರಲಿಲ್ಲ. ಆ ವ್ಯವಸ್ಥೆಯಿಂದ ಕೋಟ್ಯಧಿಪತಿ ಆಟಗಾರರು ಹುಟ್ಟಲಿಲ್ಲ. ಆದರೆ ಮೂವತ್ತೈದಕ್ಕೆ ಬೀದಿಗೆ ಬೀಳುವ ಭಯವಿಲ್ಲದೆ ಆಡಿದ ಒಂದೆರಡು ತಲೆಮಾರು ಇತ್ತು. ಇಂಗ್ಲೆಂಡ್ ಈಗ ‘ಆಫ್ಟರ್‌ಕೇರ್’ ಎಂದು ಹೆಸರಿಟ್ಟು ಮಾಡುತ್ತಿರುವುದರ ಒಂದು ರೂಪ ದೂರವಾಣಿನಗರದಲ್ಲಿ ಸದ್ದಿಲ್ಲದೆ ನಡೆದಿತ್ತು. ಇಂದು ಆ ನೌಕರಿಗಳು ಕಡಿಮೆಯಾಗಿವೆ. ಐಎಸ್‌ಎಲ್‌ಗೂ ಬಡಾವಣೆಯ ಟರ್ಫ್‌ಗೂ ನಡುವಿನ ಮೆಟ್ಟಿಲುಗಳು ವಿರಳ.

ಮಗನನ್ನೋ ಮಗಳನ್ನೋ ತರಬೇತಿಗೆ ಸೇರಿಸುವಾಗ ನಾವು ಕೇಳುವುದು ಫೀಸು, ಟೈಮಿಂಗ್, ಕೋಚ್ ಯಾವ ದೇಶದವನು ಎಂದು. ಇನ್ನೂ ಮೂರು ಪ್ರಶ್ನೆ ಸೇರಿಸಿಕೊಳ್ಳೋಣ. ವರ್ಷಕ್ಕೆ ಎಷ್ಟು ನಿಜವಾದ ಪಂದ್ಯ, ಯಾವ ಲೀಗಿನಲ್ಲಿ? ಕಳೆದ ಮೂರು ವರ್ಷದಲ್ಲಿ ಇಲ್ಲಿಂದ ಬಿಟ್ಟ ಮಕ್ಕಳು ಈಗ ಎಲ್ಲಿದ್ದಾರೆ? ಮಗು ಸಾಲದು ಅನ್ನಿಸಿದ ದಿನ ಅದನ್ನು ಯಾರು, ಹೇಗೆ ಹೇಳುತ್ತಾರೆ? ಎರಡನೇ ಪ್ರಶ್ನೆಗೆ ಉತ್ತರ ಬಲ್ಲ ಅಕಾಡೆಮಿ ಸಿಕ್ಕರೆ ಧೈರ್ಯವಾಗಿ ಸೇರಿಸಿ. ಮತ್ತು ಮನೆಯಲ್ಲಿ, ಪಂದ್ಯ ಮುಗಿಸಿ ಬಂದ ಮಗುವಿನ ಹತ್ತಿರ ಆಟ ಬಿಟ್ಟು ಬೇರೆ ಮಾತೂ ಒಂದಿಷ್ಟು ಇರಲಿ.

ಪ್ರತಿ ವರ್ಷ ಜೂನ್‌ನಲ್ಲಿ ಪ್ರೀಮಿಯರ್ ಲೀಗ್ ಒಂದು ಪಟ್ಟಿ ಪ್ರಕಟಿಸುತ್ತದೆ: ಯಾವ ಕ್ಲಬ್ ಯಾರನ್ನು ಉಳಿಸಿಕೊಂಡಿತು, ಯಾರನ್ನು ಬಿಟ್ಟಿತು ಎಂದು. ನಾವೆಲ್ಲ ಆಗ ನೂರು ಮಿಲಿಯನ್ನಿನ ವರ್ಗಾವಣೆಯ ಸುದ್ದಿ ಹುಡುಕುತ್ತಿರುತ್ತೇವೆ. ಈ ಸಲ ಆ ಪಟ್ಟಿಯನ್ನೂ ಒಮ್ಮೆ ತೆರೆದು ನೋಡಿ. ಒಂದೊಂದು ಕ್ಲಬ್ಬಿನ ಕೆಳಗೆ, ನಾವು ಎಂದೂ ಕೇಳದ ಹದಿನೆಂಟು ಹತ್ತೊಂಬತ್ತರ ಹುಡುಗರ ಹೆಸರುಗಳು ಸಾಲಾಗಿರುತ್ತವೆ. ಅವರಲ್ಲಿ ಯಾರೋ ಒಬ್ಬ ಮುಂದಿನ ಎಜೆ ಇರಬಹುದು. ಉಳಿದವರಿಗೂ ಮುಂದಿನ ಸೋಮವಾರ ಬೆಳಿಗ್ಗೆ ಹೋಗಲು ಒಂದು ಜಾಗ ಬೇಕು.